ಬಿಲ್ಲೆಯ ನುಣುಪು ಮಗ್ಗುಲು

ಜನವರಿ ೯

ಗುಬ್ಬೀ,

ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ಯಂತ್ರದ ಸದ್ದಿನಲ್ಲಿ ಹೋಯಿತು, ಇನ್ನರ್ಧ ನಮ್ಮಕ್ಕನ, ಅಂದರೆ ನಿನ್ನ ಅತ್ತೆಯ, ಕೆಮ್ಮಿನಲ್ಲಿ ಹೋಯಿತು. ಅದಕ್ಕೇ ಬರೆಯಲು ಕೂತೆ. ನನ್ನ ಅಕ್ಷರ ನೋಡಿ ನಗಬೇಡ. ಪಾಲಿಶಿನ ಕೆಂಪು ಪುಡಿ ಬೆರಳಿನಿಂದ ಕಾಗದಕ್ಕೂ ಹತ್ತಿದೆ, ಅದಕ್ಕೂ ನಗಬೇಡ.

ನಿನ್ನೆ ಬಂದರಿನ ಗೋದಾಮಿಗೆ ಬಿಲ್ಲೆಗಳ ಪೆಟ್ಟಿಗೆ ಬಿಡಿಸಿಕೊಳ್ಳಲು ಹೋದವನು ಬರಿಗೈಯಲ್ಲಿ ಬಂದೆ. ಅಲ್ಲಿನ ಗುಮಾಸ್ತ ಹೊಸ ಪಟ್ಟಿ ಮುಂದಿಟ್ಟ. ಈ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಗಾಜಿನ ಬಿಲ್ಲೆಯ ಮೇಲಿನ ಆಮದು ಸುಂಕ ನೂರಕ್ಕೆ ಐದಲ್ಲ, ಮೂವತ್ತಂತೆ. “ಇದು ಇನ್ಮೇಲೆ ಕಚ್ಚಾ ಮಾಲಲ್ಲ ಯಜಮಾನ್ರೇ, ಸಿದ್ಧ ಮಾಲು,” ಅಂದ. “ಸಿದ್ಧ ಆಗಿದ್ರೆ ನೀನೇ ಕಣ್ಣಿಗಿಟ್ಕೊಂಡು ನೋಡಪ್ಪ, ನಿನ್ನ ಪಟ್ಟಿ ಓದೋಕಾಗುತ್ತಾ ಅಂತ,” ಅಂದೆ. ಅವನು ನಗಲಿಲ್ಲ. ಅವನ ತಪ್ಪೂ ಅಲ್ಲ ಬಿಡು.

ಇದರ ಅರ್ಥ ಏನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಡೆ ಪೂರ್ತಿ ಮಾಡಿ ಕಳಿಸುವ ಕನ್ನಡಕದ ಗಾಜಿಗೆ ಮೊದಲಿನಿಂದಲೂ ಮೂವತ್ತು. ನಮ್ಮ ಅರೆಬರೆ ಬಿಲ್ಲೆಗೆ ಐದು. ಆ ಐದಕ್ಕೂ ಈ ಮೂವತ್ತಕ್ಕೂ ನಡುವೆ ಇದ್ದ ಸಂದಿಯಲ್ಲೇ ನಮ್ಮ ಬೀದಿಯ ಒಂಬತ್ತು ಅಂಗಡಿ ಬದುಕಿದ್ದು. ಬಿಲ್ಲೆ ತರಿಸುವುದು, ಉಜ್ಜುವುದು, ಒಳನಾಡಿನ ಊರುಗಳಿಗೆ ಕಳಿಸುವುದು. ಈಗ ಎರಡಕ್ಕೂ ಒಂದೇ ಸುಂಕ ಆದರೆ ನಮ್ಮ ಹತ್ತಿರ ಯಾರು ಬರುತ್ತಾರೆ? ಪೆಟ್ಟಿಗೆ ಮಾಡುವ ಬಡಗಿ ಆಗಲೇ ಬಂದು ಕೇಳಿದ. ಗಾಡಿಯವನೂ ಕೇಳಿದ. ನಾನೇನು ಹೇಳಲಿ?

ನೀನು ಸುಂಕದ ಕಚೇರಿಯಲ್ಲೇ ಕೂತಿದ್ದೀಯ. ಬದುಕಿನಲ್ಲಿ ಒಂದು ಬಿಲ್ಲೆಯನ್ನೂ ಮುಟ್ಟಿ ನೋಡದ ಯಾವ ಮಹಾಶಯ ಇದನ್ನು ಬರೆದನೋ, ಸ್ವಲ್ಪ ವಿಚಾರಿಸು. ಅವನ ಮುಖ ನೋಡುವ ಆಸೆ ನನಗೆ.

ಅತ್ತೆ ಎಂದಿನಂತೆ ದೀಪದ ಮುಂದೆ ಕೂತು ಗಾಜು ಪರೀಕ್ಷೆ ಮಾಡುತ್ತಾಳೆ, ಎಂದಿನಂತೆ ಎಲ್ಲರಿಗೂ ಬೈಯುತ್ತಾಳೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ


ಜನವರಿ ೧೭ (ಅಂಚೆಗೆ ಹಾಕದ್ದು)

ಅಪ್ಪಾ,

ನೀವು ನೋಡಬೇಕೆಂದ ಮುಖ ನನ್ನದೇ.

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ವಿಭಾಗದಲ್ಲಿ ಒಂದು ಸಭೆ ನಡೆಯಿತು. ಉದ್ದನೆಯ ಮೇಜು, ಎಂಟು ಜನ. ನಾನು ಎಲ್ಲರಿಗಿಂತ ಕಿರಿಯಳು, ಟಿಪ್ಪಣಿ ಬರೆದುಕೊಳ್ಳಲು ಕೂತವಳು. ಯಾವ ವಸ್ತು ಯಾವ ಪಟ್ಟಿಗೆ ಸೇರಬೇಕೆಂದು ಒಂದೊಂದೇ ಮಾದರಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಬಾಗಿಲ ಹಿಡಿ ಬಂತು, ರಬ್ಬರಿನ ಉಂಗುರ ಬಂತು, ಆಮೇಲೆ ಒಂದು ಬಿಲ್ಲೆ ಬಂತು. “ಕಚ್ಚಾ ಗಾಜು, ಮುಂದಿನದು,” ಅಂದರು ಯಾರೋ. ಅಷ್ಟಕ್ಕೇ ಮುಗಿದುಹೋಗುತ್ತಿತ್ತು.

ನಾನು ಬಾಯಿ ತೆರೆದೆ. “ಸರ್, ಇದು ಪೂರ್ತಿ ಕಚ್ಚಾ ಅಲ್ಲ. ಹೆಬ್ಬೆರಳು ಇಟ್ಟು ನೋಡಿ. ಒಂದು ಮಗ್ಗುಲು ಆಗಲೇ ಮುಗಿದಿದೆ,” ಅಂದೆ. ಎಲ್ಲರೂ ಒಬ್ಬೊಬ್ಬರಾಗಿ ಹೆಬ್ಬೆರಳು ಇಟ್ಟು ನೋಡಿದರು. ಮೂರು ವರ್ಷದಲ್ಲಿ ಅವರೆಲ್ಲ ನನ್ನ ಕಡೆ ತಿರುಗಿದ್ದು ಅದೇ ಮೊದಲು. ಮೇಲಧಿಕಾರಿ, “ನಿಮಗೆ ಹೇಗ್ ಗೊತ್ತು?” ಅಂದರು. ನನ್ನಪ್ಪ ಈ ಕೆಲಸದಲ್ಲಿ ಇಡೀ ಬೀದಿಗೇ ಮೇಲು ಅಂದೆ. “ಬರೆದುಕೊಡಿ” ಅಂದರು. ಬರೆದುಕೊಟ್ಟೆ, ಅಂದವಾದ ಅಕ್ಷರದಲ್ಲಿ.

ಅಪ್ಪಾ, ಪಟ್ಟಿ ಬದಲಾದರೆ ಸುಂಕ ಬದಲಾಗುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲವೆಂದು ಹೇಗೆ ಹೇಳಲಿ? ನನ್ನ ಸಂಬಳವೇ ಅದನ್ನು ತಿಳಿದಿರುವುದಕ್ಕೆ. ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೆ. ಹೊಳೆದದ್ದು ಸಂಜೆ, ಬಸ್ಸಿನಲ್ಲಿ. ಮರುದಿನ ಹೋಗಿ ವಾಪಸ್ ಕೇಳಬಹುದಿತ್ತು. ಪೆದ್ದಿ ಅನ್ನುತ್ತಾರೆಂದು ಕೇಳಲಿಲ್ಲ. ಮುಂದಿನ ವಾರ ಕೇಳೋಣ ಅಂದುಕೊಂಡೆ. ಹಾಗೆಯೇ ಡಿಸೆಂಬರ್ ಬಂತು.

ಗುಬ್ಬಿ


ಜನವರಿ ೧೮

ಅಪ್ಪಾ,

ನಿಮ್ಮ ಪತ್ರ ತಲುಪಿತು. ನಾನು ಚೆನ್ನಾಗಿದ್ದೇನೆ. ಕೋಣೆಯ ಕಿಟಕಿಯ ಚಿಲಕ ಸರಿಮಾಡಿಸಿದೆ, ಈಗ ಗಾಳಿ ಬರುವುದಿಲ್ಲ.

ಬಿಲ್ಲೆಯ ಕಡತ ನಮ್ಮ ವಿಭಾಗದ್ದಲ್ಲ. ವಿಚಾರಿಸಿದೆ. ಇಂಥವು ಆಗಾಗ ಆಗುತ್ತವೆ, ಆಕ್ಷೇಪಣೆ ಬಂದ ಕೂಡಲೇ ತಿದ್ದುತ್ತಾರೆ. ಮೂರು ತಿಂಗಳಲ್ಲಿ ಸರಿಹೋಗುತ್ತದೆ ಎಂದು ನನಗೆ ಗೊತ್ತಿರುವವರು ಹೇಳಿದ್ದಾರೆ. ಅಲ್ಲಿಯವರೆಗೆ ಯಾರನ್ನೂ ಕೆಲಸದಿಂದ ಬಿಡಿಸಬೇಡಿ. ಅವಸರದಲ್ಲಿ ಏನನ್ನೂ ಮಾರಬೇಡಿ.

ಅತ್ತೆಯ ಕೆಮ್ಮಿಗೆ ಡಾಕ್ಟರಿಗೆ ತೋರಿಸಿ.

ನಿಮ್ಮ ಗುಬ್ಬಿ


ಫೆಬ್ರವರಿ ೨

ಗುಬ್ಬೀ,

ನಿನ್ನ ಪತ್ರ ಬಂದದ್ದೇ ಬಂದದ್ದು, ಬೀದಿಗೆ ಜೀವ ಬಂತು. ನಾನು ಅದನ್ನು ಒಂಬತ್ತು ಅಂಗಡಿಗೂ ಹೊತ್ತುಕೊಂಡು ಹೋಗಿ ಓದಿ ಹೇಳಿದೆ. ಏಳನೆಯ ಅಂಗಡಿ ಹೊತ್ತಿಗೆ ಬಾಯಿಪಾಠವೇ ಆಗಿತ್ತು. “ಮೂರೇ ತಿಂಗಳು, ನನ್ನ ಮಗಳು ಬರೆದಿದ್ದಾಳೆ” ಅಂದರೆ ಯಾರೂ ಎದುರು ಮಾತಾಡಲಿಲ್ಲ.

ನಿನ್ನ ಮೂಲೆ ಮಾವ ಬೀದಿಯ ಮೂಲೆಯಂಗಡಿಯಿಂದ ಓಡಿ ಬಂದು ನನ್ನ ಕೈ ಹಿಡಿದುಕೊಂಡ. ನೀನು ಚಿಕ್ಕವಳಿದ್ದಾಗ ನಿನಗೆ ಒಡೆದ ಗಾಜಿನಿಂದ ಭೂತಗನ್ನಡಿ ಮಾಡಿಕೊಟ್ಟವನು. ಅವನು ಎರಡು ಯಂತ್ರ ಮಾರುವ ಮಾತಾಡಿದ್ದನಂತೆ, ಬೇಡ ಅಂತ ಹೇಳಿ ಕಳಿಸಿದ.

ಇನ್ನು ನಮ್ಮ ಉದ್ದಣ್ಣ. ಇಪ್ಪತ್ತೆರಡು ವರ್ಷದಿಂದ ನಮ್ಮಲ್ಲೇ ಪಾಲಿಶ್ ಮಾಡುವವನು. ಅವನಿಗೆ ಒಳನಾಡಿನ ಒಂದು ಕಾರ್ಖಾನೆಯಿಂದ ಕರೆ ಬಂದಿತ್ತು, ಮೇಸ್ತ್ರಿ ಕೆಲಸ, ಇರಲು ಮನೆ. “ಏನ್ ಮಾಡ್ಲಿ, ನೀವೇ ಹೇಳಿ,” ಅಂತ ನನ್ನೆದುರು ನಿಂತ. ನಾನು ನಿನ್ನ ಪತ್ರ ತೋರಿಸಿದೆ. ಅವನು ಓದಿ, “ಗುಬ್ಬಿ ಹೇಳಿದ್ಮೇಲೆ ಆಯ್ತು ಬಿಡಿ,” ಅಂತ ಕಾರ್ಖಾನೆಗೆ ಇಲ್ಲ ಅಂದುಬಿಟ್ಟ. ಅವನ ಹೆಂಡತಿ ಒಂದು ದಿನ ಮಾತು ಬಿಟ್ಟಿದ್ದಳಂತೆ. ಅದೂ ಸರಿಹೋಗುತ್ತದೆ.

ಹಳೆಯ ದಾಸ್ತಾನಿನಲ್ಲಿ ವಾರಕ್ಕೆ ನಾಲ್ಕು ದಿನ ಯಂತ್ರ ಓಡಿಸುತ್ತಿದ್ದೇವೆ. ನಿನ್ನಂಥವಳನ್ನು ಹೆತ್ತದ್ದಕ್ಕೆ ನನಗೆ ಬೀದಿಯಲ್ಲಿ ದಿನಕ್ಕೆ ನಾಲ್ಕು ಕಪ್ ಚಹಾ ಪುಕ್ಕಟೆ.

ನಿನ್ನ ಅಪ್ಪ


ಮಾರ್ಚ್ ೧೧

ಅಪ್ಪಾ,

ಕೆಲಸ ಹೆಚ್ಚು. ಪತ್ರ ತಡವಾಯಿತು.

ಉದ್ದಣ್ಣ ಆ ಕಾರ್ಖಾನೆಯವರನ್ನು ಇನ್ನೊಮ್ಮೆ ಕೇಳಿ ನೋಡಿದರೆ ಒಳ್ಳೆಯದೇನೋ. ಸುಮ್ಮನೆ ಹೇಳಿದೆ. ಇಲ್ಲಿಯ ಕೆಲಸಗಳು ಕೆಲವು ಸಲ ನಿಧಾನ. ಬೀದಿಯವರು ಒಂದು ಅರ್ಜಿ ಬರೆದು ಕಳಿಸಿ, ಯಾವ ಕಾರಣಕ್ಕೆ ಪಟ್ಟಿ ಬದಲಾಯಿತೆಂದು ಕೇಳಿ. ಕೇಳಿದರೆ ಕೊಡಲೇಬೇಕು.

ಗುಬ್ಬಿ


ಏಪ್ರಿಲ್ ೨೦

ಗುಬ್ಬೀ,

ನೀನು ಹೇಳಿದ ಹಾಗೆ ಅರ್ಜಿ ಹಾಕಿದೆವು. ಉತ್ತರ ಬಂತು. ಅದರ ಜೊತೆ ಒಂದು ಟಿಪ್ಪಣಿಯ ನಕಲೂ ಬಂತು, ಟೈಪು ಮಾಡಿದ್ದು, ಕೆಳಗೆ ಯಾರ ಸಹಿಯೂ ಇಲ್ಲ. ನೀನೂ ಓದು: “ಈ ಕಸುಬನ್ನು ಹತ್ತಿರದಿಂದ ಬಲ್ಲವರ ಪ್ರಕಾರ, ಬಿಲ್ಲೆಯ ಮುಖ ಆಮದಿಗೆ ಮುಂಚೆಯೇ ಪೂರ್ಣಗೊಂಡಿರುತ್ತದೆ. ಇಲ್ಲಿ ನಡೆಯುವುದು ಬೆನ್ನು ಕೆಲಸ ಮಾತ್ರ.”

ಬೆನ್ನು ಕೆಲಸ! ಈ ಮಾತು ನಮ್ಮ ಬೀದಿ ಬಿಟ್ಟು ಬೇರೆ ಎಲ್ಲಾದರೂ ಕೇಳಿದ್ದೀಯ? ಬಿಲ್ಲೆಯ ನುಣುಪು ಮುಖಕ್ಕೆ ಗೀರು ಬೀಳದಂತೆ ಅಂಟುಪಟ್ಟಿ ಹಚ್ಚಿ, ರಾಳದಲ್ಲಿ ಕೂರಿಸಿ, ಒರಟು ಬೆನ್ನನ್ನು ಉಜ್ಜುವುದಕ್ಕೆ ನಾವು ಹೇಳಿಕೊಳ್ಳುವ ಮಾತು ಅದು. ಅಂದರೆ ನಮ್ಮೊಳಗಿನವರೇ ಯಾರೋ ಹೋಗಿ ಒದರಿದ್ದಾರೆ.

ಯಾರೆಂದು ಕಂಡುಹಿಡಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಹೋದ ವರ್ಷ ಬೇಸಗೆಯಲ್ಲಿ ಸುಂಕದ ಕಡೆಯ ಇಬ್ಬರು ಪ್ರಶ್ನೆ ಪಟ್ಟಿ ಹಿಡಿದು ಬೀದಿಗೆ ಬಂದಿದ್ದರು. ಒಂದು ಗಂಟೆ ಕೂತದ್ದು ಯಾರ ಅಂಗಡಿಯಲ್ಲಿ? ಮೂಲೆಯಂಗಡಿಯಲ್ಲಿ. ನಾನು ನೇರವಾಗಿ ಹೋಗಿ ಕೇಳಿದೆ. “ನೀನೇ ಹೇಳಿದ್ದಲ್ವಾ?” ಅವನ ಮುಖ ಬಿಳಿಚಿಕೊಂಡಿತು. ಇಲ್ಲ ಅನ್ನಲಿಲ್ಲ ಗುಬ್ಬೀ! ಹೌದು ಅಂತಲೂ ಅನ್ನಲಿಲ್ಲ. ತಲೆ ಬಗ್ಗಿಸಿ ನಿಂತ. ಇದಕ್ಕಿಂತ ಸಾಕ್ಷಿ ಬೇಕಾ?

ಈಗ ಬೀದಿಯಲ್ಲಿ ಅವನ ಜೊತೆ ಯಾರೂ ಮಾತಾಡುವುದಿಲ್ಲ. ಗಾಡಿಯವನು ಅವನ ಪೆಟ್ಟಿಗೆ ಹೊರುವುದಿಲ್ಲ. ಅವನಿಗೆ ಉಜ್ಜುಪುಡಿ ಕಡ ಕೊಡಬಾರದೆಂದು ನಾನೇ ಎಲ್ಲರಿಗೂ ಹೇಳಿದ್ದೇನೆ.

ಅತ್ತೆಗೂ ಆ ನಕಲು ತೋರಿಸಿದೆ. ಅವಳು ಎರಡು ಸಲ ಓದಿ, ಮಡಿಸಿ, ದೀಪದ ಮುಂದೆ ಹೋಗಿ ಕೂತಳು. ಬೈಗುಳವೂ ಇಲ್ಲ. ಇವಳಿಗೇನಾಯಿತೋ.

ಮೂರು ತಿಂಗಳು ಮುಗಿಯಿತು. ದಾಸ್ತಾನೂ ಮುಗಿಯಿತು. ಉದ್ದಣ್ಣ ಕಾರ್ಖಾನೆಯವರನ್ನು ಕೇಳಿ ನೋಡಿದ, ಆ ಜಾಗಕ್ಕೆ ಬೇರೆಯವರು ಬಂದಾಗಿದೆ. ಈಗ ಅರ್ಧ ದಿನ ಬಂದರಿನಲ್ಲಿ ಮೂಟೆ ಹೊರುತ್ತಾನೆ. ನನ್ನ ಕಣ್ಣಿಗೆ ಬೀಳದ ಹಾಗೆ ಹಿಂದಿನ ಬೀದಿಯಿಂದ ಹೋಗುತ್ತಾನೆ.

ನಿನ್ನ ಅಪ್ಪ


ಮೇ ೧

ಅಪ್ಪಾ,

ಮೂಲೆ ಮಾವ ಏನೂ ಮಾಡಿಲ್ಲ. ಆ ಟಿಪ್ಪಣಿ ಬರೆದವಳು ನಾನು.

ಇದರ ಜೊತೆ ಇನ್ನೊಂದು ಪತ್ರ ಇಟ್ಟಿದ್ದೇನೆ. ಜನವರಿ ಹದಿನೇಳರಂದು ಬರೆದು ಟ್ರಂಕಿನ ತಳಕ್ಕೆ ಹಾಕಿದ್ದು. ಎಲ್ಲ ಅದರಲ್ಲಿದೆ. ಮರುದಿನ ನಾನು ಕಳಿಸಿದ್ದು ಸುಳ್ಳು. ಮೂರು ತಿಂಗಳೆಂದು ನನಗೆ ಯಾರೂ ಹೇಳಿರಲಿಲ್ಲ. ನಿಮಗೆ ಒಂದಿಷ್ಟು ನಿದ್ದೆ ಬರಲಿ ಎಂದು ಬರೆದೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ನನಗೇ ನಿದ್ದೆ ಬೇಕಿತ್ತು. ಆ ಸುಳ್ಳನ್ನು ನೀವು ಒಂಬತ್ತು ಅಂಗಡಿಗೆ ಹೊತ್ತಿರಿ ಎಂದು ನಿಮ್ಮ ಪತ್ರದಲ್ಲಿ ಓದಿದೆ. ಆದರೂ ಬಾಯಿ ಬಿಡಲಿಲ್ಲ. ಉದ್ದಣ್ಣನಿಗೆ ಆ ಕಾರ್ಖಾನೆಯ ಕೆಲಸ ತಪ್ಪಿದ್ದು ಸುಂಕದಿಂದಲ್ಲ, ನನ್ನಿಂದ.

ನಿನ್ನೆ ಮೇಲಧಿಕಾರಿಗೆ ಹೊಸ ಟಿಪ್ಪಣಿ ಕೊಟ್ಟೆ. ನನ್ನ ಹಳೆಯ ಟಿಪ್ಪಣಿಯಲ್ಲಿ ಅರ್ಧ ಸತ್ಯ ಮಾತ್ರ ಇತ್ತು ಎಂದು ಬರೆದೆ. ಒಂದು ಮಗ್ಗುಲು ಮುಗಿದ ಬಿಲ್ಲೆಯ ಮೂಲಕ ಯಾರಿಗೂ ಏನೂ ಕಾಣಿಸುವುದಿಲ್ಲ, ಬೆನ್ನು ಕೆಲಸ ಆಗುವವರೆಗೆ ಅದು ಗಾಜಿನ ತುಂಡು, ಕನ್ನಡಕವಲ್ಲ ಎಂದು ಬರೆದೆ. ಅವರ ಮೇಜಿನ ಮೇಲೆ ಒಂದು ಬಿಲ್ಲೆ ಇಟ್ಟು, “ಸರ್, ಇದರ ಮೂಲಕ ಈ ಕಾಗದ ಓದಿ,” ಅಂದೆ. ಅವರು ಓದಲು ನೋಡಿದರು. ಆಮೇಲೆ ಬಿಲ್ಲೆಯನ್ನು ಕೆಳಗಿಟ್ಟರು. “ಸೆಪ್ಟೆಂಬರಲ್ಲಿ ಇದು ಗೊತ್ತಿರಲಿಲ್ವಾ?” ಅಂದರು. ಗೊತ್ತಿತ್ತು ಅಂದೆ. ಏನು ಮಾಡುತ್ತಾರೋ ಗೊತ್ತಿಲ್ಲ. ಬಹುಶಃ ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕುತ್ತಾರೆ.

ಒಂದೇ ಒಂದು ಕೇಳುತ್ತೇನೆ. ಈ ಪತ್ರವನ್ನು ಬೀದಿಯಲ್ಲಿ ಎಲ್ಲರೆದುರು ಓದಿ. ಮೊದಲು ಮೂಲೆ ಮಾವನ ಮುಂದೆ ಓದಿ. ಆ ಸುಳ್ಳನ್ನು ಓದಿದ ಹಾಗೆಯೇ, ಒಂಬತ್ತೂ ಕಡೆ.

ನನ್ನನ್ನು ಬೈದು ಬರೆಯಿರಿ. ಬರೆಯದೆ ಮಾತ್ರ ಇರಬೇಡಿ.

ಗುಬ್ಬಿ


ಜುಲೈ ೨೪

ಗುಬ್ಬೀ,

ಹನ್ನೆರಡು ವಾರ ನಿನಗೆ ಬರೆಯಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಅಂದುಕೊಂಡಿರಬೇಕು. ಸಿಟ್ಟು ಬಂದಿತ್ತು, ಎರಡು ದಿನಕ್ಕೆ ಇಳಿಯಿತು. ಬರೆಯದೆ ಇದ್ದದ್ದು ನಾಚಿಕೆಗೆ.

ನಿನ್ನ ಪತ್ರ ಬಂದ ದಿನವೇ ಜೇಬಿನಲ್ಲಿಟ್ಟುಕೊಂಡು ಮೂಲೆಯಂಗಡಿಗೆ ಹೋದೆ. ಅವನು ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ. ಮೂರು ವಾರದ ಮೇಲೆ ಒಬ್ಬ ಮನುಷ್ಯ ತನ್ನ ಕಡೆ ಬರುತ್ತಿದ್ದಾನೆಂದು ಅವನ ಮುಖ ಅರಳಿತು. ಪೊರಕೆ ಗೋಡೆಗೆ ಒರಗಿಸಿದ. ನಾನು, “ಟೈಮ್ ಎಷ್ಟಾಯ್ತು?” ಅಂದೆ. ಅವನು ಒಳಗೆ ಹೋಗಿ ಗಡಿಯಾರ ನೋಡಿ ಬಂದು ಹೇಳಿದ. ನಾನು ತಿರುಗಿ ಬಂದುಬಿಟ್ಟೆ.

ನನ್ನ ಮಗಳ ಹೆಸರು ಬೀದಿಯ ಬಾಯಿಗೆ ಬೀಳಬಾರದು ಅನ್ನಿಸಿತು. ನಾಳೆ ಹೇಳೋಣ ಅಂದುಕೊಂಡೆ. ನೀನು ಬರೆದಿದ್ದೆಯಲ್ಲ, ಮುಂದಿನ ವಾರ ಅಂದುಕೊಂಡೆ ಅಂತ. ಯಾರ ರಕ್ತ ಅಂತ ಆಗ ನನಗೆ ತಿಳಿಯಿತು. ಜೂನ್ ತಿಂಗಳಲ್ಲಿ ಅವನು ಯಂತ್ರಗಳನ್ನೆಲ್ಲ ಗುಜರಿಗೆ ಕೊಟ್ಟು, ಬಾಗಿಲು ಹಾಕಿ, ಹೆಂಡತಿಯನ್ನು ಕರೆದುಕೊಂಡು ಒಳನಾಡಿಗೆ ಹೋದ. ಸಾಮಾನು ಹೇರುವಾಗ ಯಾರೂ ಕೈ ಹಾಕಲಿಲ್ಲ. ನಾನು ಒಳಗೆ ನಿಂತು ಕಿಟಕಿಯಿಂದ ನೋಡಿದೆ. ಆಗಲೂ ಪತ್ರ ಜೇಬಿನಲ್ಲೇ ಇತ್ತು.

ಹೋದ ವಾರ ಹೊಸ ಆದೇಶ ಬಂತು. ಬಿಲ್ಲೆ ಮತ್ತೆ ಕಚ್ಚಾ ಪಟ್ಟಿಗೆ, ಸುಂಕ ಮತ್ತೆ ಐದು. ಒಂಬತ್ತರಲ್ಲಿ ಉಳಿದದ್ದು ಐದು ಅಂಗಡಿ. ನಮ್ಮದು ಬಿಟ್ಟು ಉಳಿದ ನಾಲ್ಕೂ ಅಂಗಡಿಯವರು ನಮ್ಮ ಮನೆಗೆ ಬಂದರು. “ನಿಮ್ಮ ಮಗಳು ಹೇಳಿದ ಮಾತು ಉಳಿಸಿಕೊಂಡ್ಳು! ಮೂರು ಹೋಗಿ ಆರಾಯ್ತು, ಆದ್ರೂ ಮಾಡಿಸಿಕೊಟ್ಳು!” ಅಂತ. ಹಾರ ಹಾಕಬೇಕಂತೆ, ನಿನ್ನನ್ನು ಕರೆಸಬೇಕಂತೆ. ಒಬ್ಬ ನನ್ನ ಬೆನ್ನು ತಟ್ಟಿದ.

ಅತ್ತೆ ಮೂಲೆಯಲ್ಲಿ ಕೂತಿದ್ದವಳು, “ಇನ್ನೂ ಎಷ್ಟು ದಿನ ಜೇಬಲ್ಲಿ ಇಟ್ಕೊಂಡ್ ಓಡಾಡ್ತೀಯ?” ಅಂದಳು. ಅವಳಿಗೆ ಏಪ್ರಿಲ್‌ನಲ್ಲೇ ತಿಳಿದಿತ್ತಂತೆ, ಆ ನಕಲು ಓದಿದ ಕ್ಷಣವೇ. ವಾಕ್ಯ ನಿನ್ನದು ಅಂತ ಗುರುತು ಹಿಡಿದಿದ್ದಳು. ಮೊದಲು ನೀನೇ ಹೇಳಲಿ ಅಂತ, ಆಮೇಲೆ ತಮ್ಮ ತಾನೇ ಹೇಳಲಿ ಅಂತ ಕಾದಿದ್ದಳಂತೆ. ಹಾಗೆ ಕಾದದ್ದು ತನ್ನ ತಪ್ಪು ಅಂದಳು.

ಅಲ್ಲೇ ನಿಂತು ಓದಿದೆ. ಎರಡು ಪತ್ರವನ್ನೂ, ಕೊನೆಯ ತನಕ. ಉದ್ದಣ್ಣ ಬಾಗಿಲ ಹತ್ತಿರ ನಿಂತಿದ್ದ. ಅವನು ನಿಧಾನಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮರುದಿನ ಬರಲಿಲ್ಲ. ಇವತ್ತು ಬಂದ. ಬಂದವನು ತನ್ನ ಯಂತ್ರದ ಮುಂದೆ ಕೂತು ಕೆಲಸ ಶುರು ಮಾಡಿದ. ಇನ್ನೂ ನನ್ನ ಜೊತೆ ಮಾತಾಡಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಮೂಲೆಯವನ ಊರಿಗೆ ಹೋಗುತ್ತೇನೆ. ಅವನೆದುರು ಏನು ಹೇಳಬೇಕೆಂದು ಗೊತ್ತಿಲ್ಲ. ನಿನ್ನದನ್ನು ಓದುತ್ತೇನೆ. ಆಮೇಲೆ ನನ್ನದನ್ನು ಬಾಯಲ್ಲೇ ಹೇಳಬೇಕು.

ನೀನು ಅತ್ತೆಗೆ ಫೋನ್ ಮಾಡಿದ್ದೆಯಂತೆ, ನಿನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದ್ದಾರೆಂದು ಹೇಳಿದಳು. ಧೂಳು ಇದ್ದರೆ ಮೂಗಿಗೆ ಬಟ್ಟೆ ಕಟ್ಟಿಕೋ.

ನಿನ್ನ ಅಪ್ಪ


ಆಗಸ್ಟ್ ೬

ಗುಬ್ಬೀ,

ನಿನ್ನ ಅಪ್ಪ ಬಂದಿದ್ದ. ಎರಡು ದಿನ ಇದ್ದು ಹೋದ. ನಿನ್ನ ವಿಳಾಸ ಅವನಿಂದಲೇ ಬರೆಸಿಕೊಂಡೆ.

ನಾನಿಲ್ಲಿ ಒಂದು ಕನ್ನಡಕದಂಗಡಿಯಲ್ಲಿದ್ದೇನೆ. ಹೊರಗಡೆಯಿಂದ ಪೂರ್ತಿ ಸಿದ್ಧವಾಗಿ ಬರುವ ಗಾಜನ್ನು ಅಂಚು ಕತ್ತರಿಸಿ ಚೌಕಟ್ಟಿಗೆ ಕೂರಿಸುವ ಕೆಲಸ. ಕಷ್ಟವೇನಿಲ್ಲ. ಕೈ ಕೆಂಪಾಗುವುದಿಲ್ಲ. ಮಾಲೀಕ ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಆದರೂ ಮರ್ಯಾದೆಯಿಂದ ಮಾತಾಡಿಸುತ್ತಾನೆ.

ಅಪ್ಪ ನಿನ್ನ ಪತ್ರ ಓದುವಾಗ ನಾನು ಅವನನ್ನು ನಡುವೆ ನಿಲ್ಲಿಸಿದೆ. “ಮೂಲೆ ಮಾವ ಏನೂ ಮಾಡಿಲ್ಲ” ಅನ್ನುವ ಸಾಲನ್ನು ಇನ್ನೊಮ್ಮೆ ಓದು ಅಂದೆ. ನಾನು ಅಳುತ್ತಿದ್ದೇನೆಂದು ಅವನೂ ಅತ್ತ. ಯಾಕೆ ಅತ್ತೆನೆಂದು ಅವನಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ.

ಅವತ್ತು ಸುಂಕದವರು ನನ್ನ ಅಂಗಡಿಗೆ ಬಂದಿದ್ದರಲ್ಲ, ಅವರ ಕೈಗೆ ನಾನೂ ಒಂದು ಬಿಲ್ಲೆ ಕೊಟ್ಟೆ. ನಾನೂ ಹೆಬ್ಬೆರಳು ಇಡಿಸಿದೆ. “ನೋಡಿ ಸಾರ್, ಮುಖ ಅವರದ್ದು, ಬೆನ್ನು ನಮ್ಮದು. ನಮ್ಮ ಬೆನ್ನು ಕೆಲಸ ನೋಡಿದ್ರೆ ಅವರ ಮುಖವೇ ಸಣ್ಣದಾಗುತ್ತೆ,” ಅಂದೆ. ಅವರು ನಕ್ಕು ಬರೆದುಕೊಂಡರು. ನನಗೆ ಎಷ್ಟು ಹೆಮ್ಮೆಯಾಯಿತು! ಆಮೇಲೆ ನಿನ್ನಪ್ಪ ಆ ನಕಲು ಹಿಡಿದು ಬಂದು ನೀನೇ ಅಲ್ವಾ ಅಂದಾಗ ಹೌದು, ನಾನೇ ಅಂತ ನಾನೂ ನಂಬಿದೆ. ನನ್ನ ಬಾಯಿಯ ಚಪಲಕ್ಕೆ ಒಂಬತ್ತು ಮನೆ ಹಾಳಾಯಿತು ಅಂತ. ಅದಕ್ಕೇ ತಲೆ ಬಗ್ಗಿಸಿ ನಿಂತದ್ದು. ಅದಕ್ಕೇ ಯಾರು ಮಾತು ಬಿಟ್ಟರೂ ಸಿಟ್ಟಾಗಲಿಲ್ಲ. ಬಿಡುವುದೇ ಸರಿ ಅನ್ನಿಸಿತ್ತು.

ಸುಂಕದ ಹೊಡೆತ ನಾನು ತಡೆದುಕೊಳ್ಳುತ್ತಿದ್ದೆ ಗುಬ್ಬೀ. ಹೆಂಡತಿಯ ಅಣ್ಣ ಆರು ತಿಂಗಳಿಗೆ ಆಗುವಷ್ಟು ಸಹಾಯ ಮಾಡುತ್ತೇನೆ ಅಂದಿದ್ದ. ಯಂತ್ರ ಮಾರಿದ್ದು ಕೈ ಖಾಲಿಯಾಗಿ ಅಲ್ಲ. ಮೂಟೆ ಹೊರಲು ಹಿಂದಿನ ಬೀದಿಯಿಂದ ಹೋಗುವ ಉದ್ದಣ್ಣನನ್ನು ದಿನವೂ ನೋಡಿಕೊಂಡು ಅಲ್ಲಿ ಇರಲಾಗಲಿಲ್ಲ.

ನಿನ್ನಪ್ಪ ವಾಪಸ್ ಬಾ, ಎರಡು ಯಂತ್ರ ನನ್ನಿಂದಲೇ ತಗೋ ಅಂದ. ಆಗಲ್ಲ ಅಂದೆ. ಸಿಟ್ಟಿಗಲ್ಲ. ಮನೆ ಬಾಡಿಗೆಗೆ ಮಾತು ಕೊಟ್ಟಾಗಿದೆ, ಹೆಂಡತಿಗೆ ಇಲ್ಲಿ ಹೊಲಿಗೆ ಕೆಲಸ ಸಿಕ್ಕಿದೆ. ನಿಮ್ಮಿಬ್ಬರ ಮೇಲೂ ನನಗೆ ಕೋಪವಿಲ್ಲ. ಆ ಮೇಜಿನ ಮುಂದೆ ನಾನು ಕೂತಿದ್ದರೂ ನಿನ್ನ ಹಾಗೆಯೇ ಮಾತಾಡುತ್ತಿದ್ದೆ.

ಆದರೆ ಒಂದು ಮಾತು ಇದೆ. ಬರೆಯಬೇಡ ಅನ್ನುತ್ತಾಳೆ ಹೆಂಡತಿ, ಮಗುವಿನ ಮನಸ್ಸು ನೋಯುತ್ತದೆ ಅಂತ. ಬರೆಯದಿದ್ದರೆ ನಾನೂ ನಿಮ್ಮ ಹಾಗೆ ಜೇಬಿನಲ್ಲಿ ಇಟ್ಟುಕೊಂಡ ಹಾಗಾಗುತ್ತದೆ. ನಿನ್ನ ಪತ್ರ ನಿನ್ನಪ್ಪನ ಕೈಗೆ ಬಂದದ್ದು ಮೇ ಒಂಬತ್ತಕ್ಕಂತೆ. ನಾನು ಯಂತ್ರ ಕೊಟ್ಟದ್ದು ಜೂನ್ ಹದಿನೇಳಕ್ಕೆ. ನೀನು ಜನವರಿಯಲ್ಲೇ ನನಗೊಂದು ಕಾರ್ಡು ಹಾಕಿದ್ದರೆ, ಅಥವಾ ಅವನು ಆ ದಿನ ಟೈಮ್ ಕೇಳುವ ಬದಲು ಅದನ್ನು ಓದಿದ್ದರೆ, ನಾನು ಇವತ್ತೂ ಅಲ್ಲೇ ಇರುತ್ತಿದ್ದೆ.

ನಿನ್ನ ಮೂಲೆ ಮಾವ